ಕೈಗೆ ಕೊಟ್ಟ ಸೂಜಿ

ಮದುವೆಯಾಗಿ ಮಡಕಶಿರಕ್ಕೆ ಬಂದ ಹೊಸತರಲ್ಲೇ ನಮ್ಮತ್ತೆ ನನ್ನನ್ನು ಚಿವುಟಿದರು. ಮಧ್ಯಾಹ್ನದ ಹೊತ್ತು, ಜಗಲಿಯ ಮೇಲೆ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಾ ಕೂತಿದ್ದರು. "ಆ ಸೂಜಿ ಇತ್ಲಾಗೆ ಕೊಡಮ್ಮಿ" ಅಂದರು. ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ತರಗತಿಯಲ್ಲಿ ಸಿಸ್ಟರ್ ಕಲಿಸಿದ್ದು ಏನೆಂದರೆ, ಮೊನೆಯನ್ನು ನಮ್ಮ ಕಡೆಗೆ ಹಿಡಿದು, ದಾರ ಪೋಣಿಸುವ ಕಡೆಯನ್ನು ಎದುರಿನವರಿಗೆ ಚಾಚಿ, ಜೊತೆಗೆ ಒಂದು ನಗು ಸೇರಿಸಿ ಕೊಡಬೇಕು. ಹಾಗೇ ಕೊಟ್ಟೆ. ಅತ್ತೆ ಹೊಲಿಗೆಯ ಮೇಲೇ ಕಣ್ಣಿಟ್ಟು ಸೂಜಿ ತಗೊಂಡರು. ಮರುಗಳಿಗೆ ಬೆಚ್ಚಿ, ಸೂಜಿಯನ್ನು ಕೌದಿಗೆ ಚುಚ್ಚಿ, ನನ್ನ ಮುಂಗೈಯನ್ನು ಸರಿಯಾಗಿ ಒಂದು ಸಲ ಚಿವುಟಿದರು. ಆಮೇಲೆ ತಮ್ಮ ಕೈ ಮುಂದೆ ಚಾಚಿ, "ನೀನೂ ಚಿವುಟು" ಅಂದರು.

ಹೊಸ ಸೊಸೆ ಅತ್ತೆಯನ್ನು ಚಿವುಟುವುದು ಹೇಗೆ? ನಾನು ಬೆರಳಿನ ತುದಿಯಲ್ಲಿ ಅವರ ಹಸಿರು ಬಳೆಯ ಪಕ್ಕದ ಚರ್ಮವನ್ನು ಮುಟ್ಟಿ ಬಿಟ್ಟೆ. ಸಂಜೆ ನನ್ನವರು ಬಂದಾಗ ಒಳಗೆ ಕರೆದು, "ನಿಮ್ಮಮ್ಮ ನನ್ನ ಚಿವುಟಿದ್ರು" ಅಂತ ಕಣ್ಣು ತುಂಬಿಕೊಂಡು ಹೇಳಿದೆ. ರೇಷ್ಮೆಗೂಡಿನ ವ್ಯಾಪಾರದ ಮನುಷ್ಯ, ಸುಲಭಕ್ಕೆ ನಗುವವರಲ್ಲ. ಅವತ್ತು ಗೋಡೆ ಹಿಡಿದುಕೊಂಡು ನಕ್ಕರು.

ಈ ಮನೆಯಲ್ಲಿ ಸೂಜಿ, ಉಪ್ಪು, ಮೆಣಸಿನಕಾಯಿಯನ್ನು ಯಾರೂ ಯಾರ ಕೈಗೂ ಕೊಡುವುದಿಲ್ಲವಂತೆ. ಕೆಳಗಿಡಬೇಕು, ಬೇಕಾದವರು ಅಲ್ಲಿಂದ ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಆಗುತ್ತದೆ. ತಪ್ಪಿ ಕೊಟ್ಟುಬಿಟ್ಟರೆ ಪರಿಹಾರ ಒಂದೇ, ಇಬ್ಬರೂ ಒಬ್ಬರನ್ನೊಬ್ಬರು ಚಿವುಟಿಕೊಳ್ಳಬೇಕು. ಆಗಬೇಕಾದ ಜಗಳ ಅಲ್ಲಿಗೆ ಆಗಿಹೋಯಿತು ಅಂತ ಲೆಕ್ಕ. "ನೀನು ಸರಿಯಾಗಿ ಚಿವುಟಲಿಲ್ಲ, ಇನ್ನು ಅರ್ಧ ಜಗಳ ಬಾಕಿ ಐತೆ" ಅಂತ ಅತ್ತೆ ಈಗಲೂ ಹೇಳುತ್ತಾರೆ. ಆ ಅರ್ಧವನ್ನು ನಾವಿಬ್ಬರೂ ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತಿದ್ದೇವೆ.

ನನಗೆ ಇದೆಲ್ಲ ವಿಚಿತ್ರ ಅನ್ನಿಸಿದ್ದಕ್ಕೆ ಕಾರಣವಿದೆ. ನನ್ನ ತವರು ರಾಯದುರ್ಗ. ನಮ್ಮ ಬೀದಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುವ ಮಿಷನ್ನು. ಅಪ್ಪ ಈಗಲೂ ಹೊಲಿಯುತ್ತಾರೆ. ಅಲ್ಲಿ ಸೂಜಿ ಕೈಯಿಂದ ಕೈಗೆ ಹೋಗುತ್ತದೆ, ಬಾಯಿಯಲ್ಲಿ ಕಚ್ಚಿಕೊಂಡಿರುತ್ತದೆ, ಕಾಲರಿನಲ್ಲಿ ನೇತಾಡುತ್ತದೆ, ಒಮ್ಮೊಮ್ಮೆ ಬೆರಳಿನೊಳಗೇ ಇರುತ್ತದೆ. ಸೂಜಿ ಚುಚ್ಚಿಕೊಂಡರೆ ಯಾರೂ ತಿರುಗಿ ಸಹ ನೋಡುವುದಿಲ್ಲ. ಅಂಥ ಊರಿನಿಂದ ಬಂದು, ಸೂಜಿಯನ್ನು ದೇವರ ಸಾಮಾನಿನ ಹಾಗೆ ಕೆಳಗಿಟ್ಟು ಎತ್ತಿಕೊಳ್ಳುವ ಮನೆ ಸೇರಿದೆ.

ನಾದಿನಿ, ನನ್ನವರ ಮದುವೆಯಾಗದ ತಂಗಿ, ನರ್ಸ್ ಆದದ್ದು ಆಮೇಲೆ. ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ. ಬೆಳಿಗ್ಗೆ ಎಣ್ಣೆ ಹಚ್ಚಿ ಬಿಗಿಯಾಗಿ ಸುತ್ತಿದ ತುರುಬು ಸಂಜೆ ಬರುವಾಗ ಕಿವಿಯ ಹತ್ತಿರಕ್ಕೆ ಜಾರಿರುತ್ತಿತ್ತು. ಅದು ಎಷ್ಟು ಜಾರಿದೆ ಅಂತ ನೋಡಿಯೇ ಅವತ್ತು ಎಷ್ಟು ಜನ ಬಂದಿದ್ದರು ಅಂತ ನಾನು ಹೇಳಿಬಿಡುತ್ತಿದ್ದೆ. ಕೈ ಮಾತ್ರ ಬಲು ಹಗುರ. ಎಳೇ ಕೂಸಿನ ಕೈಯಲ್ಲಿ ದಾರದಂಥ ನರ ಹುಡುಕಿ, ಅದು ಅಳಲು ಬಾಯಿ ತೆರೆಯುವುದರೊಳಗೆ ಮುಗಿಸುತ್ತಾಳೆ ಅಂತ ಅಗಳಿ, ರೊಳ್ಳದ ಕಡೆಯಿಂದ ಬರುವ ತಾಯಂದಿರು ಅವಳನ್ನೇ ಕೇಳುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳ ಫೋನು ಬಂತು.

"ಅತ್ತಿಗೆ, ಅಮ್ಮ ಅಲ್ಲೇ ಅವ್ಳಾ?"

"ಇಲ್ಲ, ಹಿತ್ತಲಲ್ಲಿ ಇದಾರೆ."

"ಸೂಜಿ ಚುಚ್ಕೊಂಡೆ. ಇನ್ನೊಬ್ರಿಗೆ ಇಂಜೆಕ್ಷನ್ ಕೊಟ್ಟಿದ್ದು."

ನನ್ನ ಬಾಯಿಂದ ಸೀದಾ ರಾಯದುರ್ಗ ಹೊರಬಂತು. "ಹಿಂಡಿ ರಕ್ತ ತಗದು ಬಾಯಾಗ ಇಟ್ಕೋ" ಅಂದೆ.

ಆ ಕಡೆಯಿಂದ ಕಿಸಕ್ಕನೆ ನಗು. "ಹಿಂಡಬಾರದು, ಬಾಯಿಗೆ ಇಟ್ಕೋಬಾರದು ಅಂತ ಹೊಸಬ್ರಿಗೆಲ್ಲ ಹೇಳ್ಕೊಡೋಳು ನಾನೇ ಅತ್ತಿಗೆ. ಆದ್ರೂ ಬೆರಳು ತಾನೇ ತಾನಾಗಿ ಬಾಯಿ ಕಡೆ ಬತ್ತಿತ್ತು. ಇನ್ನೊಂದು ಕೈಯಾಗೆ ಹಿಡ್ಕೊಂಡು ನಲ್ಲಿ ಹತ್ರ ಎಳ್ಕೊಂಡೋದೆ, ಕಳ್ಳನ್ನ ಎಳ್ಕೊಂಡೋದಂಗೆ. ಸೋಪು ಹಾಕಿ ತೊಳೆದೆ."

ಮಾತಿನ ಕೊನೆಯಲ್ಲಿ ನಗು ಎಲ್ಲಿ ನಿಂತಿತೋ ಅಲ್ಲೇ ಅವಳ ಉಸಿರೂ ನಿಂತ ಹಾಗೆ ಆಯಿತು. ಗಾಬರಿಯಾದರೆ ನನ್ನ ಬಾಯಿಗೆ ಮೊದಲು ಬರುವುದು ಈಗಲೂ ಕಾನ್ವೆಂಟಿನ ಪ್ರಾರ್ಥನೆ. ಎರಡು ಸಾಲು ಹೇಳಿ, ನಡುವೆ ನೇಮಕಲ್ಲಿನ ಆಂಜನೇಯನನ್ನೂ ಸೇರಿಸಿಕೊಂಡು, ಪೂರ್ತಿ ವಿಷಯ ಕೇಳಿದೆ.

ಬಸ್‌ಸ್ಟ್ಯಾಂಡಿನ ಕಡೆಯಿಂದ ಯಾರೋ ಸೊಂಟನೋವು ಅಂತ ಬಂದಿದ್ದನಂತೆ. ಜೊತೆಯ ನರ್ಸ್, ರೊಳ್ಳದ ಹುಡುಗಿ, ಅವನಿಗೆ ಇಂಜೆಕ್ಷನ್ ಕೊಟ್ಟಳು. ಅಷ್ಟರಲ್ಲಿ ಆ ಕಡೆ ಒಂದು ಮಗು ಕೆಳಗೆ ಬೀಳುವಂತಾಯಿತು. "ಅಕ್ಕ, ಹಿಡ್ಕೋ" ಅಂತ ಖಾಲಿ ಸಿರಿಂಜನ್ನು ಹಾಗೇ ಇವಳ ಕೈಗೆ ಚಾಚಿ ಓಡಿದಳು. ಇವಳು ನೋಡದೆ ಕೈ ನೀಡಿದಳು. ಸೂಜಿ ಗ್ಲೌಸ್ ದಾಟಿ ಎಡಗೈಯ ತೋರುಬೆರಳಿಗೆ ಇಳಿಯಿತು. ಅವನ ರಕ್ತ ಪರೀಕ್ಷೆ ಮಾಡಿದ್ದರೆ ಅಲ್ಲಿಗೇ ಗೊತ್ತಾಗುತ್ತಿತ್ತು. ಆದರೆ ಅವನು ಅಂಗಿ ಸಿಕ್ಕಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋಗಿಯಾಗಿತ್ತು. ಡಾಕ್ಟರು, ಕಾಂಪೌಂಡರು ಎಲ್ಲ ಸ್ಟ್ಯಾಂಡಿಗೆ ಓಡಿ ಹುಡುಕಿದರು. ಸಿಗಲಿಲ್ಲ.

ಕಾಮಾಲೆಗೆ ಅವಳು ಮೊದಲೇ ಲಸಿಕೆ ಹಾಕಿಸಿಕೊಂಡಿದ್ದಳು. ಉಳಿದದ್ದು ಎಚ್‌ಐವಿಯ ಭಯ. ಡಾಕ್ಟರು ಕಾಯಲಿಲ್ಲ, ಹಿಂದೂಪುರಕ್ಕೆ ಫೋನ್ ಮಾಡಿ ಸಂಜೆಯೊಳಗೆ ಮಾತ್ರೆ ತರಿಸಿದರು. ಒಂದು ತಿಂಗಳು ಬಿಡದೆ ನುಂಗಬೇಕು. ಮುಗಿದ ಮೇಲೆ ಒಂದು ಪರೀಕ್ಷೆ, ಇನ್ನಷ್ಟು ಕಾದು ಕೊನೆಯದೊಂದು ಪರೀಕ್ಷೆ. ಸೂಜಿಯಿಂದ ಬರುವುದು ಬಲು ಅಪರೂಪ, ಮಾತ್ರೆ ತಗೊಂಡರೆ ಇನ್ನೂ ಅಪರೂಪ ಅಂತ ಅವಳೇ ನನಗೆ ಧೈರ್ಯ ಹೇಳಿದಳು. ಆದರೂ ಕೊನೆಯ ಪರೀಕ್ಷೆಯ ಚೀಟಿ ಬರುವ ತನಕ ಬದುಕು ಒಂದು ಕೊಕ್ಕೆಗೆ ನೇತುಹಾಕಿದ ಹಾಗೆ.

"ಅಮ್ಮಂಗೆ ಬ್ಯಾಡ ಅತ್ತಿಗೆ. ಚೆನ್ನಾಗೈತೆ ಅಂತ ಬಂದ್ಮೇಲೆ ನಾನೇ ಹೇಳ್ತೀನಿ. ಈಗ ಹೇಳಿದ್ರೆ ನನ್ನ ಕೆಲಸ ಬಿಡಿಸ್ತಾಳೆ."

ಅದೂ ನಿಜವೇ. ಕೆಲಸ ಬಿಡಿಸಿದರೆ ಅವಳು ಅರ್ಧ ಆಗಿಬಿಡುತ್ತಿದ್ದಳು. ನನ್ನವರಿಗೆ ಹೇಳಿದೆವು. ಅವರು ಹೊರಗೆ ಹೋಗಿ ಒಂದು ಚೀಲ ಮೋಸಂಬಿ ತಂದಿಟ್ಟರು.

ಇನ್ನು ಆ ತಿಂಗಳು. ಅದನ್ನು ಭಯದ ತಿಂಗಳು ಅಂತ ಬರೆಯಬೇಕು ಅಂತ ಕೂತರೆ ನನಗೆ ನಗುವೇ ನೆನಪಾಗುತ್ತದೆ. ಮಾತ್ರೆ ಡಬ್ಬಿಯನ್ನು ನನ್ನ ಕಾನ್ವೆಂಟ್ ಕಾಲದ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ, ಗುಂಡಿ, ಲೇಸು, ಬಣ್ಣದ ದಾರದ ಅಡಿಯಲ್ಲಿ ಬಚ್ಚಿಟ್ಟೆ. ದಿನಾ ಊಟ ಮುಗಿದ ಮೇಲೆ "ನಿನ್ನ ಗುಂಡಿ ಕಿತ್ತೋಗಿದೆ ನೋಡು, ಬಾ ಹಾಕ್ಕೊಡ್ತೀನಿ" ಅಂತ ನಾನು ಕೂಗಬೇಕು. ಅವಳು ಒಳಗೆ ಬಂದು ನುಂಗಬೇಕು. ಚೂಡಿದಾರಿಗೆ ಗುಂಡಿಯೇ ಇಲ್ಲದ ದಿನವೂ ಕೂಗಿದೆ. "ಅದೇನು ಗುಂಡಿ ದಿನಾ ಕಿತ್ತೋಗ್ತೈತೆ ಈ ಹುಡುಗೀದು" ಅಂತ ಅತ್ತೆ ಗೊಣಗಿದಾಗ ಇಬ್ಬರೂ ಬಾಯಿಗೆ ಸೆರಗು, ದುಪಟ್ಟಾ ಒತ್ತಿಕೊಂಡು ಬೀರುವಿನ ಹಿಂದೆ ಕುಸಿದೆವು.

ಮಾತ್ರೆಗೆ ತಲೆ ಸುತ್ತುತ್ತಿತ್ತು. ರುಬ್ಬುವಾಗ ತಿರುಗುವ ಗುಂಡುಕಲ್ಲಿನ ಮೇಲೆ ಕೂತ ಹಾಗಿದೆ ಅನ್ನುತ್ತಿದ್ದಳು. ಬಾಯೆಲ್ಲ ಕಬ್ಬಿಣದ ರುಚಿ. ಅದಕ್ಕಿಂತ ಹೆಚ್ಚಾಗಿ ಕನಸುಗಳು. ಬೆಳಿಗ್ಗೆ ಕಾಫಿ ಹೊತ್ತಿಗೆ ನಾನು ಒಲೆಯ ಮುಂದೆ, ಅವಳು ಕಟ್ಟೆಯ ಮೇಲೆ, ಕನಸಿನ ವರದಿ.

"ವಾರ್ಡಿನ ತುಂಬ ಕಡಲೆಕಾಯಿ ಮೂಟೆ ಅತ್ತಿಗೆ. ಒಂದೊಂದು ಬೆಡ್ ಮ್ಯಾಲೆ ಒಂದೊಂದು. ಎಲ್ಲಕ್ಕೂ ಬಿಪಿ ನೋಡಬೇಕು. ಒಂದು ಮೂಟೆಗೆ ಮಾತ್ರ ಕನ್ನಡ ಬರಲ್ಲ, ತೆಲುಗಲ್ಲೇ ಮಾತಾಡು ಅಂತ ಹಠ."

"ಬಿಪಿ ಎಷ್ಟಿತ್ತು?"

"ಜಾಸ್ತಿನೇ ಇತ್ತು. ಉಪ್ಪು ಬಿಡು ಅಂದೆ. ಉಪ್ಪು ಬಿಟ್ರೆ ನನ್ನ ಯಾರು ಹುರ್ದು ತಿಂತಾರೆ ಅಂತು."

ಮಾರನೆಯ ದಿನ ನಾನು ಹೇಳಿ ಹೇಳಿ ಪರಿಚಯ ಮಾಡಿಸಿದ್ದ ಹೊಲಿಗೆಯ ಸಿಸ್ಟರ್ ಅವಳ ಕನಸಿಗೇ ಬಂದುಬಿಟ್ಟರು. ಬಿಳಿ ಉಡುಪು ಎತ್ತಿ ಕಟ್ಟಿ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದರಂತೆ. "ನಿಂಗೆ ನಮಸ್ಕಾರ ಹೇಳಿದ್ರು. ನಿನ್ನ ಕಸೂತಿ ಹಿಂದ್ಗಡೆ ಇನ್ನೂ ಗಂಟು ಗಂಟು ಅಂತಾನೂ ಹೇಳಿದ್ರು." ಹಾಲು ಉಕ್ಕಿ ಒಲೆಯೇ ಆರಿತು. ನಾವು ನಗುತ್ತಲೇ ಒರೆಸಿದೆವು. ಹೈಸ್ಕೂಲಿನ ಹಿಂದಿನ ಬೆಂಚಿನಲ್ಲಿ ಬರುತ್ತಿತ್ತಲ್ಲ, ನಿಲ್ಲಿಸಬೇಕು ಅಂದಷ್ಟೂ ಹೆಚ್ಚುವ ನಗು, ಅದು ಇಷ್ಟು ವರ್ಷದ ಮೇಲೆ ನನಗೆ ವಾಪಸು ಬಂದಿತ್ತು. ಮಾತ್ರೆ ನುಂಗಿದವಳು ಅವಳು, ತಲೆ ತಿರುಗುತ್ತಿದ್ದದ್ದು ಇಬ್ಬರಿಗೂ.

ಆದರೆ ಬೆಳಿಗ್ಗೆ ಬಚ್ಚಲಲ್ಲಿ ಅವಳು ಓಕರಿಸುವ ಸದ್ದನ್ನು ಗುಂಡಿಯ ಅಡಿಯಲ್ಲಿ ಬಚ್ಚಿಡಲು ಆಗುವುದಿಲ್ಲ. "ಪಿತ್ತ ಅಮ್ಮ" ಅಂದಳು. ಅತ್ತೆ ಜೀರಿಗೆ ಕಷಾಯ ಕೊಟ್ಟರು. ಮತ್ತೆ ಓಕರಿಕೆ. ಶುಂಠಿ ಕೊಟ್ಟರು. ಒಂದು ದಿನ ಅತ್ತೆ ಕೇಳುವುದನ್ನೇ ನಿಲ್ಲಿಸಿಬಿಟ್ಟರು. ಅವರ ನೋಟ ಮಗಳ ಮುಖವನ್ನು ಬಿಟ್ಟು ಸೊಂಟದ ಹತ್ತಿರ ಓಡಾಡುವುದನ್ನು ಕಂಡೆ. ಸಣ್ಣ ಸಣ್ಣದೆಲ್ಲ ಕಾಣುತ್ತದೆ ನನಗೆ, ಒಟ್ಟಿನ ಅರ್ಥ ಮಾತ್ರ ಎಲ್ಲರಿಗಿಂತ ಕೊನೆಗೆ ಹೊಳೆಯುತ್ತದೆ.

ಅದಾದ ಮೇಲೆ ಒಂದು ಸಂಜೆ ನಡುಮನೆಯ ಮಧ್ಯದಲ್ಲಿ, ಯಾರೂ ಯಾವತ್ತೂ ಏನೂ ಇಡದ ಜಾಗದಲ್ಲಿ, ಒಂದು ತಟ್ಟೆ ಇತ್ತು. ಎಳೆಯ ಮಾವಿನಕಾಯಿಯ ಹೋಳು, ಉಪ್ಪು, ಕಾರದಪುಡಿ. ಅತ್ತೆ ಅದರ ಹಿಂದೆ ಕೌದಿ ಹರಡಿಕೊಂಡು ಕೂತಿದ್ದರು. ನಾನು ಒಂದು ಹೋಳಿಗೆ ಕೈ ಹಾಕಿದೆ. ಕೈಮೇಲೆ ಫಟ್ ಅಂತ ಏಟು ಬಿತ್ತು. "ನಿಂಗಲ್ಲ."

ನಾದಿನಿ ಡ್ಯೂಟಿಯಿಂದ ಬಂದಳು. ಬ್ಯಾಗು ಹೆಗಲಿನಿಂದ ಇಳಿಸುವ ಮೊದಲೇ ತಟ್ಟೆಯ ಮುಂದೆ ಕೂತಳು. ಕಬ್ಬಿಣದ ಬಾಯಿಗೆ ಹುಳಿ ಅಷ್ಟು ಹಿತವಾಯಿತಂತೆ. ಒಂದೂ ಹೋಳು ಬಿಡದೆ ತಿಂದು, ತಟ್ಟೆಗೆ ಅಂಟಿದ ಉಪ್ಪುಕಾರವನ್ನೂ ಬೆರಳಲ್ಲಿ ಒರೆಸಿ ನೆಕ್ಕಿದಳು. "ಇನ್ನೊಂದು ಕಾಯಿ ಐತಾ ಅಮ್ಮ?" ಅಂದಳು. ಅತ್ತೆಯ ಸೂಜಿ ಅರ್ಧದಲ್ಲಿ ನಿಂತದ್ದು ಹಾಗೇ ನಿಂತಿತ್ತು.

ಅತ್ತೆಯ ಕಣ್ಣಿನಿಂದ ಸ್ವಲ್ಪ ದೂರ ಇದ್ದರೆ ಒಳ್ಳೆಯದು ಅಂತ ರಜೆ ಹಾಕಿಸಿ ಅವಳನ್ನು ನಾನು ತವರಿಗೆ ಕರೆದುಕೊಂಡು ಹೊರಟೆ. ಅತ್ತೆ ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಬಸ್ಸಿನ ತನಕ ಬಂದು, ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮೂರ್ನಾಗೆ ಒಳ್ಳೆ ಲೇಡಿ ಡಾಕ್ಟ್ರು ಅವ್ರಾ?" ಅಂತ ಕೇಳಿದರು. "ಇದಾರೆ ಅತ್ತೆ, ಬಳ್ಳಾರಿನೂ ಹತ್ರ" ಅಂದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಸೆಖೆಗೆ ಇರಬೇಕು ಅಂದುಕೊಂಡು ನಾನು ಬಸ್ ಹತ್ತಿದೆ.

ಪಾವಗಡದಲ್ಲಿ ಒಂದು ಬಸ್ಸು, ಕಲ್ಯಾಣದುರ್ಗದಲ್ಲಿ ಇನ್ನೊಂದು. ರಾಯದುರ್ಗದಲ್ಲಿ ಇಳಿದಾಗ ಇಬ್ಬರ ತಲೆಯೂ ಕೆಂಪು ಧೂಳು. ಅಪ್ಪ ಮಿಷನ್ ನಿಲ್ಲಿಸಿ ಎದ್ದು ಬಂದರು. "ಬರ್ರಿ, ಬರ್ರಿ ಸಿಸ್ಟರಮ್ಮ. ಯಾಕ, ಹಿಂಗ ಸೊರಗೀರಿ?"

ಅವಳು ಹೇಳಿಯೇಬಿಟ್ಟಳು. ಯಾಕೋ ಅಮ್ಮನಿಗೆ ಹೇಳಲಾಗದ್ದು ನಮ್ಮಪ್ಪನಿಗೆ ಹೇಳಲು ಸುಲಭವಾಯಿತು. ಅಪ್ಪ ಪೂರ್ತಿ ಕೇಳಿ, ತಮ್ಮ ಎಡಗೈಯ ಬೆರಳುಗಳನ್ನು ಅವಳ ಮುಂದೆ ಹರಡಿದರು. ಒಂದು ಉಗುರಿನ ನಡುವೆ ಉದ್ದಕ್ಕೂ ಗೆರೆ, ಇನ್ನೊಂದು ಬೆರಳ ತುದಿ ಚಪ್ಪಟೆ.

"ಇದರಾಗ ಸೂಜಿ ಮುರದು ಒಳಗ ಉಳದಿತ್ತು ನೋಡ್ರಿ."

"ಆಮ್ಯಾಲೆ ಏನು ಮಾಡಿದ್ರಿ?"

"ಮಾಡೋದೇನೈತ್ರಿ? ಚಿಮಟಿಗಿಯಿಂದ ಕಿತ್ತು, ಒಂದು ಹನಿ ಮಿಷನ್ ಎಣ್ಣಿ ಬಿಟ್ಟು, ಪ್ಯಾಂಟು ಮುಗಿಸಿದೆ. ಜೀನ್ಸ್ ಬಟ್ಟಿ ಮ್ಯಾಲ ರಕ್ತದ ಕಲಿ ಕಾಣಂಗಿಲ್ಲ. ಆ ಪ್ಯಾಂಟು ಯಾವ ಊರಿನ ಹೀರೋ ಹಾಕ್ಕೊಂಡು ಅಡ್ಡಾಡತಾನೋ ಏನೋ."

ನಾದಿನಿ ಮಡಚಿಟ್ಟ ಪ್ಯಾಂಟುಗಳ ರಾಶಿಯ ಮೇಲೆ ಬಿದ್ದು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅಪ್ಪ ಚಹಾ ತರಲು ಹೋದ ಮೇಲೂ ಭುಜ ಕುಲುಕುತ್ತಲೇ ಇತ್ತು. ಹತ್ತಿರ ಹೋಗಿ ನೋಡಿದರೆ ಅದು ನಗು ಅಲ್ಲ.

"ಆ ಮನುಷ್ಯ ಯಾರೋ ಅತ್ತಿಗೆ. ಮುಖಾನೂ ಸರಿಯಾಗಿ ನೋಡ್ಲಿಲ್ಲ. ಅವನಿಗೆ ಏನೂ ಇಲ್ದಿರ್ಲಿ, ಗಟ್ಟಿಮುಟ್ಟಾಗಿರ್ಲಿ ಅಂತ ದಿನಾ ಬೇಡ್ಕೋತೀನಿ. ಬಸ್ನಾಗೆ ಯಾರಾದ್ರೂ ಸೊಂಟ ಹಿಡ್ಕೊಂಡು ಹತ್ತಿದ್ರೆ ಇವ್ನೇನಾ ಅಂತ ನೋಡ್ತೀನಿ. ಇವತ್ತೂ ನೋಡ್ದೆ. ಅವನ ಹೆಂಡ್ತಿಯೂ ಅಷ್ಟು ಬೇಡ್ಕೊಂಡಿರಲ್ಲ."

ಕೊನೆಯ ಮಾತಿಗೆ ಅವಳಿಗೇ ನಗು ಬಂತು. ಜೀನ್ಸ್ ಕಾಲಿನಲ್ಲಿ ಮೂಗು ಒರೆಸಿಕೊಂಡಳು. ನೀಲಿ ಬಣ್ಣ ಮೂಗಿನ ತುದಿಗೆ ಅಂಟಿತು. ಅದನ್ನು ನಾನು ಹೇಳಲಿಲ್ಲ, ಸಂಜೆ ಕನ್ನಡಿಯಲ್ಲಿ ಅವಳೇ ನೋಡಿಕೊಂಡಳು.

ಮಡಕಶಿರಕ್ಕೆ ವಾಪಸು ಬಂದ ಮರುದಿನ ಅವಳು ಡ್ಯೂಟಿಗೆ ಹೋದಳು. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸೆರಗು ಸೊಂಟಕ್ಕೆ ಬಿಗಿದಿತ್ತು.

"ಯಾರು ಅವ್ನು?"

ನಮ್ಮ ತಗಡಿನ ಡಬ್ಬ ಸಿಕ್ಕಿಬಿಟ್ಟಿದೆ, ಎಲ್ಲ ಗೊತ್ತಾಗಿದೆ ಅಂದುಕೊಂಡೆ. ಇನ್ನು ಬಚ್ಚಿಟ್ಟು ಏನು. "ಯಾರು ಅಂತ ಗೊತ್ತಿಲ್ಲ ಅತ್ತೆ. ಹೊರಗಿನೋನು."

"ಗೊತ್ತಿಲ್ವಾ?"

"ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಹೋಗ್ಬಿಟ್ಟನಂತೆ. ಸ್ಟ್ಯಾಂಡಲ್ಲೆಲ್ಲ ಹುಡುಕಿದ್ರಂತೆ."

ಅತ್ತೆ ರಾಗಿ ಮೂಟೆಯ ಮೇಲೆ ಕೂತರು. "ಯಾರು ಹುಡುಕಿದ್ದು?"

"ಡಾಕ್ಟ್ರು, ಕಾಂಪೌಂಡ್ರು, ಎಲ್ರೂ."

"ಎಲ್ರಿಗೂ ಗೊತ್ತಾ?"

"ಗೊತ್ತಾಗ್ದೇ ಇರುತ್ತಾ ಅತ್ತೆ, ಡ್ಯೂಟಿ ಹೊತ್ತಲ್ಲಿ ಆಗಿದ್ದು."

"ಡ್ಯೂಟಿ ಹೊತ್ನಲ್ಲಿ," ಅಂತ ಅತ್ತೆ ಮೆಲ್ಲಗೆ ಅಂದುಕೊಂಡರು. ಅವರ ಮುಖದ ಬಣ್ಣ ನೋಡಿ ಸಮಾಧಾನ ಮಾಡೋಣ ಅಂತ ನಾನು, "ಹೆದರ್ಬೇಡಿ, ಇನ್ನೊಂದೆರಡು ತಿಂಗಳಾದ್ರೆ ಏನು ಅಂತ ಗೊತ್ತಾಗುತ್ತೆ" ಅಂದೆ.

"ಎರಡು ತಿಂಗಳಾದ್ರೆ ನಮಗ್ಯಾಕೆ, ಊರಿಗೇ ಗೊತ್ತಾಗ್ತೈತೆ ಕಣಮ್ಮಿ. ಹೊಟ್ಟೆ ಬಚ್ಚಿಡಕ್ಕೆ ಆಗ್ತೈತಾ?"

ಅಡುಗೆಮನೆಯಲ್ಲಿ ಒಗ್ಗರಣೆ ಸೀಯುವ ವಾಸನೆ ಬಂತು. ಮಾವಿನಕಾಯಿ, ಲೇಡಿ ಡಾಕ್ಟರು, ಸೊಂಟದ ಮೇಲಿನ ನೋಟ, ಎಲ್ಲ ಒಟ್ಟಿಗೇ ಸಾಲಾಗಿ ಬಂದು ನನ್ನ ಮುಂದೆ ನಿಂತವು. "ಅತ್ತೆ, ಸೂಜಿ" ಅಂದೆ. "ಸೂಜಿ ಅತ್ತೆ. ಬೇರೆಯವರಿಗೆ ಚುಚ್ಚಿದ ಸೂಜಿ ಇವಳ ಬೆರಳಿಗೆ ಚುಚ್ತು. ಅದಕ್ಕೆ ಮಾತ್ರೆ ತಗೋತಿದಾಳೆ. ಮಾತ್ರೆಗೆ ವಾಂತಿ."

"ಸೂಜಿನಾ? ಬರೀ ಸೂಜಿನಾ?"

ಆಮೇಲೆ ಅತ್ತೆ ನಕ್ಕ ನಗು, ನಾನು ಈ ಮನೆಗೆ ಬಂದಾಗಿನಿಂದ ಕೇಳಿರಲಿಲ್ಲ. ರಾಗಿ ಮೂಟೆಯ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗುತ್ತಾ, "ಅಯ್ಯೋ ನನ್ನ ಮಗಳೇ, ಮಾವಿನಕಾಯಿನೂ ತಿನ್ಸಿದ್ನಲ್ಲೇ" ಅಂತ ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡು ನಕ್ಕರು. ನಾನೂ ನೆಲದ ಮೇಲೆ ಕೂತು ನಕ್ಕೆ. ಒಗ್ಗರಣೆ ಪೂರ್ತಿ ಕರಿಯಾಯಿತು.

ನಗು ಇಳಿದ ಮೇಲೆ ಅವರು ಒಂದೊಂದಾಗಿ ಕೇಳಿದರು. ಯಾವ ಕಾಯಿಲೆ, ಯಾವ ಮಾತ್ರೆ, ಯಾವಾಗ ಪರೀಕ್ಷೆ. ನಾನು ಏನೂ ಬಚ್ಚಿಡದೆ ಹೇಳಿದೆ. ಕಾಯಿಲೆಯ ಹೆಸರು ಕೇಳಿದಾಗ ಅವರ ಕೈ ಮೂಟೆಯ ಹೊಲಿಗೆಯನ್ನು ಹಿಡಿದುಕೊಂಡಿತು, ಬಿಡಲಿಲ್ಲ. ಕೆಲಸ ಬಿಡಿಸುವ ಮಾತು ಈಗ ಬರುತ್ತದೆ ಅಂತ ಕಾದೆ. ಬರಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಸೂಜಿ ಕೈಗೆ ಕೊಟ್ಟಿದ್ದು ಯಾರು?"

ರೊಳ್ಳದ ಹುಡುಗಿಯ ವಿಷಯ ಹೇಳಿದೆ. ಮೊದಲು ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದವರು. ಸೂಜಿ ಚುಚ್ಚಿದ ದಿನದಿಂದ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅವಳು ಶಿಫ್ಟು ಬದಲಿಸಿಕೊಂಡಿದ್ದಾಳೆ. ಯಾರಾದರೂ ಅವಳ ಹೆಸರು ಎತ್ತಿದರೆ ಇವಳು ಎದ್ದು ಹೋಗುತ್ತಾಳೆ.

"ನೋಡು, ಜಗಳ ಆಗೈತಲ್ಲ," ಅಂದರು ಅತ್ತೆ, ಲೆಕ್ಕ ತಾಳೆಯಾದವರ ಹಾಗೆ. "ಚಿವುಟ್ಕೊಂಡಿಲ್ಲ ಇಬ್ರೂ. ಭಾನುವಾರ ಊಟಕ್ಕೆ ಬರಾಕೆ ಹೇಳು ಅವ್ಳಿಗೆ."

ಸಂಜೆ ಮಗಳು ಬಂದಾಗ ಅತ್ತೆ ನೀರು ಕೊಟ್ಟು, ಅವಳ ಎಡಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ತೋರುಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೂ ತುಂಬ ಹೊತ್ತು ನೋಡಿದರು. "ಗುಂಡಿ ಹಾಕ್ಸಿಕೊಂಡ್ಯಾ ಇವತ್ತು?" ಅಂದರು. ನಾದಿನಿ ನನ್ನ ಮುಖ ನೋಡಿದಳು. ನಾನು ಒಲೆಯ ಕಡೆ ತಿರುಗಿಕೊಂಡೆ.

ಭಾನುವಾರ ಆ ಹುಡುಗಿ ಆಟೋದಲ್ಲಿ ಬಂದಳು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಹೊಸ್ತಿಲ ಹತ್ತಿರ ನಿಂತವಳು ಒಳಗೆ ಬರಲಿಲ್ಲ. ಅವಳ ಎರಡೂ ಚಪ್ಪಲಿಗಳು ವಾಪಸು ಹೋಗುವ ದಿಕ್ಕಿಗೇ ಮುಖ ಮಾಡಿ ಬಿಟ್ಟಿದ್ದನ್ನು ನೋಡಿದೆ. ಅತ್ತೆ ಹೋಗಿ ಅವಳ ಮಣಿಕಟ್ಟು ಹಿಡಿದು ಎಳೆತಂದು ನಾದಿನಿಯ ಎದುರಿಗೆ ಕೂರಿಸಿದರು.

"ಚಿವುಟ್ರೇ ಇಬ್ರೂ."

ಆ ಹುಡುಗಿ ಅಳಲು ಶುರುಮಾಡಿದಳು. "ಚುಚ್ಚಿರೋಳು ನಾನು. ಈಗ ಮತ್ತೆ ಚಿವುಟು ಅಂದ್ರೆ ಹೆಂಗಮ್ಮ?"

"ಕೊಟ್ಟೋಳು ನೀನು, ತಗೊಂಡೋಳು ಇವ್ಳು. ಇಬ್ರದೂ ಪಾಲೈತೆ. ಚಿವುಟು."

ನಾದಿನಿ ಗೋಡೆ ನೋಡುತ್ತಾ ಅಂದಳು, "ನಾನೂ ನೋಡ್ದೆ ಕೈ ಚಾಚಿದೆ. ಟ್ರೇನಾಗೆ ಇಡು ಅನ್ಬೇಕಿತ್ತು." ಆಮೇಲೆ ತಿರುಗಿ, "ಮಾತು ಬಿಟ್ಟಿದ್ದು ಯಾಕೆ ಮತ್ತೆ? ಸೂಜಿಗಿಂತ ಅದೇ ಜಾಸ್ತಿ ಚುಚ್ತು" ಅಂದು, ಆ ಹುಡುಗಿಯ ತೋಳನ್ನು ಹಿಡಿದು ಚೆನ್ನಾಗಿಯೇ ಚಿವುಟಿದಳು. ಅವಳು ಅಳುತ್ತಲೇ "ಅಮ್ಮಾ" ಅಂತ ಕೂಗಿ, ಇವಳನ್ನು ವಾಪಸು ಚಿವುಟಿದಳು. ಅತ್ತೆ ಮಧ್ಯೆ ಕೂತು ತೀರ್ಪುಗಾರರ ಹಾಗೆ, "ಅವಳದ್ದು ಸಾಲದು, ಇನ್ನೊಂದು" ಅಂದರು. ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಮುದ್ದೆ ತಣ್ಣಗಾಗುವ ತನಕ ನಾಲ್ಕು ಹೆಂಗಸರೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದೆವು. ನನ್ನವರು ಬಾಗಿಲಿಗೆ ಬಂದು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹಾಗೇ ಹೊರಗೆ ಹೋದರು.

ಊಟದ ಹೊತ್ತಿಗೆ ಆ ಹುಡುಗಿ ಹೇಳಿದಳು, ತರಬೇತಿಯಲ್ಲೂ ಹೇಳಿಕೊಟ್ಟಿದ್ದರಂತೆ, ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದು, ನಡುವೆ ಟ್ರೇ ಇಡಬೇಕು, ಬಳಸಿದ್ದಕ್ಕೆ ಮತ್ತೆ ಮುಚ್ಚಳ ಹಾಕದೆ ಸೀದಾ ಡಬ್ಬಕ್ಕೆ ಹಾಕಬೇಕು ಅಂತ. ಗದ್ದಲದಲ್ಲಿ ಮರೆತುಹೋಗುತ್ತದೆ. ಮರುದಿನದಿಂದ ಅವರ ವಾರ್ಡಿನಲ್ಲಿ ಸ್ಟೀಲ್ ಟ್ರೇ ಇಲ್ಲದೆ ಯಾರೂ ಸೂಜಿ ಹಿಡಿಯಲಿಲ್ಲ. ಯಾರಾದರೂ ಮರೆತು ಕೈ ಚಾಚಿದರೆ ಎದುರಿನವರು ಚಿವುಟುವುದಂತೆ. ಡಾಕ್ಟರಿಗೂ ಒಂದು ಸಲ ಬಿತ್ತು ಅಂತ ನಾದಿನಿ ಹೇಳಿದಳು. ನಾನು ಅರ್ಧ ಮಾತ್ರ ನಂಬಿದೆ.

ಮಾತ್ರೆ ಮುಗಿಯಿತು. ಮೂಟೆಗಳೂ ಸಿಸ್ಟರೂ ಕನಸಿಗೆ ಬರುವುದನ್ನು ಬಿಟ್ಟರು. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು. ಆದರೂ 'ಕೊನೇದು ಇನ್ನೂ ಐತಲ್ಲ' ಅನ್ನುತ್ತಾ ಯಾರೂ ಪೂರ್ತಿ ಉಸಿರು ಬಿಡಲಿಲ್ಲ. ಆ ಹೊತ್ತಿಗೆ ಹೊಲದಲ್ಲಿ ಕಡಲೆಕಾಯಿ ಹೂ ಬಿಟ್ಟಿತ್ತು. ಅತ್ತೆ ಹೊಸ ಕೌದಿಯೊಂದನ್ನು ಶುರುಮಾಡಿದ್ದರು, ಮಗಳ ಹಳೆಯ ಬಿಳಿ ಯೂನಿಫಾರಂ ದುಪಟ್ಟಾಗಳನ್ನೆಲ್ಲ ಸೇರಿಸಿ. ಬಿಳಿ ಕೌದಿಯನ್ನು ಯಾರು ಹೊದೀತಾರೆ ಅತ್ತೆ, ಕೊಳೆಯಾಗುತ್ತೆ ಅಂದೆ. "ಆಗ್ಲಿ ಬುಡು" ಅಂದರು.

ಕೊನೆಯ ಪರೀಕ್ಷೆಯ ಚೀಟಿ ಬರುವ ದಿನ ಅತ್ತೆ ಬೆಳಗಿನಿಂದ ಆ ಕೌದಿಯ ಮುಂದೆ ಕೂತರು. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಫೋನು ಮಾಡುತ್ತೇನೆ ಅಂದಿದ್ದವಳು ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅಂಗಳದಲ್ಲಿ ಒಣಗಿದ ಬಟ್ಟೆಯನ್ನು ತೆಗೆದು ಮಡಚಿ, ಬೇರೆ ಕೆಲಸ ಕಾಣದೆ ಮತ್ತೆ ಹರಡಿದೆ.

ಬೀದಿಯ ತಿರುವಿನಲ್ಲಿ ಅವಳು ಕಂಡಳು. ಊಟದ ಡಬ್ಬಿಯ ಚೀಲವನ್ನು ದೊಡ್ಡದಾಗಿ ಹಿಂದಕ್ಕೂ ಮುಂದಕ್ಕೂ ಬೀಸುತ್ತಾ, ಸ್ಕೂಲು ಬಿಟ್ಟ ಮಗುವಿನ ಹಾಗೆ ಬರುತ್ತಿದ್ದಳು. ತುರುಬು ಪೂರ್ತಿ ಕಳಚಿ ಬೆನ್ನ ಮೇಲೆ ಬಿದ್ದಿತ್ತು. ಇಷ್ಟು ವರ್ಷ ಆ ತುರುಬನ್ನು ನೋಡಿ ನೋಡಿ ಕಲಿತದ್ದು ಅವತ್ತು ಉಪಯೋಗಕ್ಕೆ ಬಂತು. ಅತ್ತೆಗೆ ಹೇಳಬೇಕು ಅಂತ ತಿರುಗಿದರೆ ಅವರೂ ಅತ್ತಲೇ ನೋಡುತ್ತಿದ್ದರು.

"ಏನೂ ಇಲ್ಲಮ್ಮ," ಅಂದಳು ಜಗಲಿ ಹತ್ತುತ್ತಾ. "ಅವನೂ ಎಲ್ಲೋ ಚೆನ್ನಾಗವ್ನೆ, ನಾನೂ ಚೆನ್ನಾಗಿವ್ನಿ."

ಅತ್ತೆ ಸೂಜಿಯನ್ನೂ ದಾರವನ್ನೂ ಕೌದಿಯ ಮೇಲಿಟ್ಟು, "ಕಣ್ಣು ಕಾಣಲ್ಲ, ಪೋಣಿಸ್ಕೊಡು" ಅಂದರು. ಅವಳು ಅವರ ಪಕ್ಕ ಕೂತು, ದಾರದ ತುದಿಯನ್ನು ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿದಳು. ಆಮೇಲೆ ಈ ಮನೆಯ ಪದ್ಧತಿಯಂತೆ ಸೂಜಿಯನ್ನು ಬಿಳಿ ದುಪಟ್ಟಾದ ಮೇಲೆ ಇಡಲು ಹೋದಳು.

ಅತ್ತೆ ತಮ್ಮ ಅಂಗೈಯನ್ನು ಅಗಲವಾಗಿ ಮುಂದೆ ಚಾಚಿದರು. "ಕೆಳಗಿಡಬ್ಯಾಡ. ಇವತ್ತು ಕೈಗೇ ಕೊಡು."

ಅವಳು ಮೊನೆಯನ್ನು ತನ್ನ ಕಡೆ ತಿರುಗಿಸಿಕೊಂಡು, ನಮ್ಮ ಸಿಸ್ಟರ್ ನೋಡಿದ್ದರೆ ಮೆಚ್ಚುವ ಹಾಗೆ, ಸೂಜಿಯನ್ನು ಅಮ್ಮನ ಕೈಗೆ ಕೊಟ್ಟಳು. ಅತ್ತೆ ಅದನ್ನು ಜೋಪಾನವಾಗಿ ಕೌದಿಗೆ ಚುಚ್ಚಿಟ್ಟರು. ಆಮೇಲೆ ಮಗಳ ಎರಡೂ ಕೆನ್ನೆ ಹಿಡಿದು, ಕೆಂಪಗಾಗುವ ತನಕ ಚಿವುಟಿದರು.